ಕಡಲ ತಳದ ತಂತಿ, ರಣರಂಗದ ಗುಟ್ಟು



ಯುದ್ಧ ಎಂದೊಡನೆ ಕಣ್ಣಿಗೆ ಕಟ್ಟುವುದು ಫಿರಂಗಿ, ಟ್ಯಾಂಕು, ವಿಮಾನ. ಆದರೆ 1914ರ ಆಗಸ್ಟ್ 4ರಂದು ಜರ್ಮನಿಯ ವಿರುದ್ಧ ಯುದ್ಧ ಸಾರಿದ ಬ್ರಿಟನ್, ಕೆಲವೇ ಗಂಟೆಗಳಲ್ಲಿ ಕೊಟ್ಟ ಪೆಟ್ಟಿಗೆ ಒಂದು ಗುಂಡೂ ಖರ್ಚಾಗಲಿಲ್ಲ. ‘ಅಲರ್ಟ್’ ಎಂಬ ಕೇಬಲ್ ಹಡಗು ಇಂಗ್ಲಿಷ್ ಕಡಲ್ಗಾಲುವೆಗೆ ತೆರಳಿ, ಜರ್ಮನಿಯನ್ನು ಹೊರಜಗತ್ತಿಗೆ ಜೋಡಿಸಿದ್ದ ತಂತಿಗಳನ್ನು ಸಮುದ್ರತಳದಿಂದ ಮೇಲೆತ್ತಿ ಕತ್ತರಿಸಿತು.

ಇದರಿಂದ ಆದದ್ದೇನು? ಜರ್ಮನಿ ನಿಸ್ತಂತು ಸಂದೇಶವನ್ನೋ ಪರರ ತಂತಿಯನ್ನೋ ನೆಚ್ಚಬೇಕಾಯಿತು. 1917ರ ಜನವರಿಯಲ್ಲಿ ವಿದೇಶಾಂಗ ಸಚಿವ ಆರ್ಥರ್ ಝಿಮ್ಮರ್‌ಮನ್ ಮೆಕ್ಸಿಕೋಗೆ ಗುಟ್ಟಿನ ಪ್ರಸ್ತಾಪವೊಂದನ್ನು ಕಳುಹಿಸಿದರು. ಅಮೆರಿಕ ಯುದ್ಧಕ್ಕಿಳಿದರೆ ಮೆಕ್ಸಿಕೋ ಜರ್ಮನಿಯ ಜೊತೆಗೂಡಬೇಕು. ಪ್ರತಿಯಾಗಿ ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾ ಪ್ರಾಂತ್ಯಗಳನ್ನು ಮರಳಿ ಪಡೆಯಬಹುದು. ವಿಚಿತ್ರವೆಂದರೆ ಈ ಸಂದೇಶ ಸಾಗಿದ್ದು ಅಮೆರಿಕದ್ದೇ ರಾಜತಾಂತ್ರಿಕ ತಂತಿಯಲ್ಲಿ! ಆ ತಂತಿ ಬ್ರಿಟನ್ ಮೂಲಕ ಹಾಯುತ್ತಿತ್ತು. ಬ್ರಿಟಿಷ್ ನೌಕಾಪಡೆಯ ‘ರೂಂ 40’ ವಿಭಾಗ ಗೂಢಲಿಪಿಯನ್ನು ಬಿಡಿಸಿತು. ಮಾರ್ಚ್ 1ರಂದು ಅದು ಅಮೆರಿಕದ ಪತ್ರಿಕೆಗಳಲ್ಲಿ ಬಯಲಾಯಿತು. ಜರ್ಮನಿಯ ಜಲಾಂತರ್ಗಾಮಿ ದಾಳಿಗಳಿಂದ ಮೊದಲೇ ಕೆರಳಿದ್ದ ಅಮೆರಿಕ ಏಪ್ರಿಲ್ 6ರಂದು ಯುದ್ಧ ಘೋಷಿಸಿತು.

ಈಗ 2022ಕ್ಕೆ ಬರೋಣ. ಫೆಬ್ರುವರಿ 24ರಂದು ರಷ್ಯದ ಸೇನೆ ಯುಕ್ರೇನಿಗೆ ನುಗ್ಗುವ ಸುಮಾರು ಒಂದು ಗಂಟೆ ಮೊದಲು, ಅಲ್ಲಿ ಬಳಕೆಯಲ್ಲಿದ್ದ ವಯಾಸ್ಯಾಟ್ ಕಂಪೆನಿಯ ಉಪಗ್ರಹ ಜಾಲದ ಮೇಲೆ ದಾಳಿಯಾಯಿತು. ಸಾವಿರಾರು ಮೋಡೆಮ್‌ಗಳು ನಿಷ್ಕ್ರಿಯಗೊಂಡವು. ಯುದ್ಧದಲ್ಲಿ ಭಾಗಿಯಲ್ಲದ ಜರ್ಮನಿಯಲ್ಲೂ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ತಪ್ಪಿತು. ಈ ದಾಳಿ ರಷ್ಯದ್ದೆಂದು ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟಗಳು ಆಪಾದಿಸಿದವು. ಕತ್ತರಿಯ ಬದಲು ಕಂಪ್ಯೂಟರ್ ಸಂಕೇತ ಬಂದಿತ್ತು, ಅಷ್ಟೇ.

ಯುಕ್ರೇನಿನ ಕೋರಿಕೆಯಂತೆ ಎಲಾನ್ ಮಸ್ಕ್ ಅವರ ‘ಸ್ಟಾರ್‌ಲಿಂಕ್’ ಕೆಲವೇ ದಿನಗಳಲ್ಲಿ ನೆರವಿಗೆ ಬಂತು. ಆದರೆ ರಷ್ಯದ ನೌಕಾಪಡೆಯ ಮೇಲಿನ ದಾಳಿಗಾಗಿ ಕ್ರಿಮಿಯಾದ ಬಳಿ ಸೇವೆ ತೆರೆಯಬೇಕೆಂಬ ಕೋರಿಕೆಯನ್ನು ತಾವು ಒಪ್ಪಲಿಲ್ಲವೆಂದು ಮಸ್ಕ್ 2023ರಲ್ಲಿ ಹೇಳಿದರು. ಅಂದು ತಂತಿಯ ಕೀಲಿಕೈ ಸಾಮ್ರಾಜ್ಯದ ಬಳಿ ಇತ್ತು. ಇಂದು ಯಾರ ಮತವನ್ನೂ ಕೇಳಬೇಕಿಲ್ಲದ ವ್ಯಾಪಾರಿಯ ಬಳಿಯೂ ಇದೆ.

ಭಾರತಕ್ಕೂ ಇದು ದೂರದ ಮಾತಲ್ಲ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಇಲ್ಲಿನ ಇಂಟರ್‌ನೆಟ್ ಕುಂಟಿತು. ಅದು ಯುದ್ಧವಾಗಿರಲಿಲ್ಲ. ಖಂಡಗಳ ನಡುವಣ ಮಾಹಿತಿಯಲ್ಲಿ ಬಹುಪಾಲು ಇಂದಿಗೂ ಹರಿಯುವುದು ಕಡಲ ತಳದಲ್ಲೇ. ಗಡಿ ಕಾಯುವ ದೇಶ ಒಂದು ಪ್ರಶ್ನೆಯನ್ನು ಶಾಂತಿಕಾಲದಲ್ಲೇ ಕೇಳಿಕೊಳ್ಳಬೇಕು: ತನ್ನ ಮಾತು ಯಾರ ತಂತಿಯಲ್ಲಿ ಸಾಗುತ್ತಿದೆ?