ತರ, ತೆರಿಗೆ, ತಕರಾರು

(ಉಪನ್ಯಾಸದ ಬರಹರೂಪ)

ತೆಕ್ಕಲಕೋಟೆಯಂಥ ಊರಿನ ಪಟ್ಟಣ ಪಂಚಾಯಿತಿಯಲ್ಲಿ ಮನೆ ಕಂದಾಯ ಕಟ್ಟಲು ನಿಂತವರು ತಮ್ಮ ಬಾಬ್ತಿನ ಮೊತ್ತ ಕೇಳಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಅಲ್ರೀ, ಬಾಜೂ ಮನಿಗೆ ಎಷ್ಟು ಹಾಕೀರಿ?" ಮೊತ್ತ ದೊಡ್ಡದೇ ಸಣ್ಣದೇ ಎಂಬುದು ಆಮೇಲಿನ ಮಾತು. ಅದೇ ಓಣಿ, ಅಷ್ಟೇ ಅಗಲದ ಜಾಗ, ಅದೇ ಕಲ್ಲಿನ ಗೋಡೆ. ಹಾಗಿದ್ದೂ ಅವರಿಗೆ ಕಡಿಮೆ, ಇವರಿಗೆ ಹೆಚ್ಚು ಏಕೆ? ಕುಹಕದ ಮಾತೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ತೆರಿಗೆ ನಿಗದಿಯ ಇತಿಹಾಸವನ್ನು ನೋಡಿದರೆ ತಕರಾರಿನ ಮೂಲಸೂತ್ರವೇ ಈ ಹೋಲಿಕೆ. ಇಂಗ್ಲೆಂಡಿನಲ್ಲಿ ಇಂದಿಗೂ ಮನೆಯೊಡೆಯರು ಹೂಡುವ ವಾದ ಇದೇ. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ರೈತರು ಕಂಪನಿ ಸರಕಾರದ ಕಚೇರಿಯಲ್ಲಿ ಹೂಡಿದ ವಾದವೂ ಇದೇ.

ಮೊದಲು ಇಂಗ್ಲೆಂಡಿನ ವಿಚಾರ. ಅಲ್ಲಿ 1990ರಲ್ಲಿ ತಲೆಗಂದಾಯ ಬಂದು ಬೀದಿಗಲಭೆಗಳಾದವು. ಅದನ್ನು ಕೈಬಿಟ್ಟು 1993ರ ಏಪ್ರಿಲ್‌ನಲ್ಲಿ 'ಕೌನ್ಸಿಲ್ ಟ್ಯಾಕ್ಸ್' ಎಂಬ ಮನೆ ತೆರಿಗೆ ತಂದರು. 1991ರ ಏಪ್ರಿಲ್ 1ರಂದು ಮಾರಿದ್ದರೆ ಪ್ರತಿ ಮನೆಗೆ ಎಷ್ಟು ಬರುತ್ತಿತ್ತು ಎಂದು ಅಂದಾಜು ಮಾಡಿ, 'ಎ'ಯಿಂದ 'ಎಚ್'ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿದರು. 40,000 ಪೌಂಡಿನವರೆಗಿನದು 'ಎ', 3,20,000 ಪೌಂಡು ದಾಟಿದ್ದು 'ಎಚ್'. ದೇಶದ ಮನೆಗಳನ್ನೆಲ್ಲ ಅವಸರದಲ್ಲಿ ಅಳೆಯಬೇಕಾಗಿತ್ತು. ಅನೇಕ ಕಡೆ ಮೌಲ್ಯಮಾಪಕರು ಕಾರಿನಿಂದ ಇಳಿಯದೆಯೇ, ಬೀದಿಯುದ್ದಕ್ಕೆ ಮೆಲ್ಲಗೆ ಸಾಗುತ್ತ ಮನೆಗಳ ಮುಖ ನೋಡಿ ದರ್ಜೆ ಬರೆದುಕೊಂಡರು. ತಪ್ಪುಗಳು ಆಗಲೇಬೇಕಲ್ಲ! ವಿಚಿತ್ರವೆಂದರೆ ಇಂಗ್ಲೆಂಡಿನಲ್ಲಿ ಆ 1991ರ ಅಂದಾಜೇ ಇಂದಿಗೂ ಆಧಾರ. ವೇಲ್ಸ್ ಮಾತ್ರ 2005ರಲ್ಲಿ ಹೊಸ ಪಟ್ಟಿ ಜಾರಿಗೆ ತಂದಿತು.

ತನ್ನ ದರ್ಜೆ ತಪ್ಪೆಂದು ಅನಿಸಿದವನು ಎರಡು ಕೆಲಸ ಮಾಡಬೇಕು. ಅದೇ ಬೀದಿಯಲ್ಲಿ ತನ್ನದರಂಥ ಮನೆಗಳಿಗೆ ಯಾವ ದರ್ಜೆ ಸಿಕ್ಕಿದೆ ಎಂದು ನೋಡಬೇಕು. ಆ ಪಟ್ಟಿ ಎಲ್ಲರಿಗೂ ತೆರೆದದ್ದು. ಆಮೇಲೆ 1991ರ ಆಸುಪಾಸಿನಲ್ಲಿ ಅಂಥ ಮನೆ ಎಷ್ಟಕ್ಕೆ ಮಾರಾಟವಾಗಿತ್ತು ಎಂಬುದನ್ನು ಹುಡುಕಬೇಕು. ಎರಡೂ ತನ್ನ ಪರವಾಗಿದ್ದರೆ ಅರ್ಜಿ ಹಾಕಬಹುದು. ಮನೆಗೆ ಹೊಸದಾಗಿ ಬಂದವರಿಗೆ 6 ತಿಂಗಳೊಳಗೆ ವಿಧಿಬದ್ಧವಾಗಿ ತಕರಾರು ಹೂಡುವ ಹಕ್ಕಿದೆ. ಅಲ್ಲಿ ಸೋತರೆ ಸ್ವತಂತ್ರ ನ್ಯಾಯಮಂಡಳಿ ಉಂಟು. ಆದರೆ ಇದರಲ್ಲೊಂದು ಮುಳ್ಳಿದೆ. ದರ್ಜೆ ಇಳಿಯುವ ಬದಲು ಏರಲೂಬಹುದು. ಅದಕ್ಕಿಂತ ಕಷ್ಟದ್ದು, ಕಡಿಮೆ ದರ್ಜೆಯಲ್ಲಿ ನೆಮ್ಮದಿಯಾಗಿದ್ದ ನೆರೆಯವರ ಮನೆಯೂ ಪರಿಶೀಲನೆಗೆ ಸಿಕ್ಕಿ ಮೇಲೇರಬಹುದು. ತನ್ನ ನ್ಯಾಯ ಕೇಳಲು ಹೋದವನು ಪಕ್ಕದ ಮನೆಯವರ ಮುನಿಸು ಕಟ್ಟಿಕೊಂಡು ಬರಬಹುದು.

ಇದೇ ಮುಳ್ಳು ಬಳ್ಳಾರಿ ಸೀಮೆಯಲ್ಲಿಯೂ ಇತ್ತು.

ಈ ನಾಡಿಗೆ ಮನೆ ತೆರಿಗೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಮನೆವಣ, ಮಗ್ಗದೆರೆ, ಗಾಣದೆರೆಗಳು ಮತ್ತೆ ಮತ್ತೆ ಬರುತ್ತವೆ. ತೆಕ್ಕಲಕೋಟೆಯ ಗುಡ್ಡಗಳ ಮೇಲೆ ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ದುಂಡನೆಯ ಗುಡಿಸಲು ಕಟ್ಟಿಕೊಂಡಿದ್ದ ನವಶಿಲಾಯುಗದ ಜನರ ನೆಲೆಯನ್ನು 1963-65ರ ಅವಧಿಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದರು. ಆ ಗುಡಿಸಲಿನವರು ಯಾರಿಗೂ ಕಂದಾಯ ಕೊಟ್ಟಿರಲಿಕ್ಕಿಲ್ಲ; ಆ ಭಾಗ್ಯ ಆಮೇಲಿನವರಿಗೆ ಉಳಿಯಲಿಲ್ಲ.

1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಇದೇ 'ದತ್ತ ಮಂಡಲ'. ಇದರ ಪ್ರಧಾನ ಕಲೆಕ್ಟರಾಗಿ ಬಂದವನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಥಾಮಸ್ ಮನ್ರೋ. ಜಮೀನ್ದಾರರ ಕೈಗೆ ಊರುಗಳನ್ನು ಒಪ್ಪಿಸದೆ ಪ್ರತಿ ರೈತನೊಡನೆ ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿ ಆತನ ಹಟ. ನೇರ ವ್ಯವಹಾರಕ್ಕೆ ಹೊಲಹೊಲದ ಲೆಕ್ಕ ಬೇಕು. ಲೆಕ್ಕಕ್ಕೆ ಅಳತೆ ಬೇಕು. 1802ರಲ್ಲಿ ಅಳತೆ ಶುರುವಾದಾಗ ಆ ಕೆಲಸ ಬಲ್ಲ ಗುಮಾಸ್ತರು ಇಡೀ ಸೀಮೆಯಲ್ಲಿ ಸಿಕ್ಕಿದ್ದು ನಾಲ್ವರು! ಅವರಿಂದ ಕಲಿತವರು ಮತ್ತೆ ಕೆಲವರಿಗೆ ಕಲಿಸುತ್ತ ಪಡೆ ಬೆಳೆಯಿತು. ಅವರ ಕೈಯಲ್ಲಿದ್ದದ್ದು 33 ಅಡಿಯ ಸರಪಳಿ. 33 ಅಡಿ ಉದ್ದ, 33 ಅಡಿ ಅಗಲ ಎಂದರೆ ಒಂದು ಗುಂಟೆ; ಅಂಥ 40 ಸೇರಿದರೆ ಒಂದು ಎಕರೆ. ಇಂದಿಗೂ ಪಹಣಿಯಲ್ಲಿ ಕಾಣುವ ಎಕರೆ-ಗುಂಟೆಯ ಲೆಕ್ಕ ಇದೇ.

ಅಳತೆಗೆ ತಕರಾರು ಕಡಿಮೆ. ಸರಪಳಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಜಗಳವೆಲ್ಲ ತರದ್ದು. ಖುಷ್ಕಿಯೋ ತರಿಯೋ ಬಾಗಾಯತೋ, ಎರೆಯೋ ಮಸಾರಿಯೋ, ಕಾಲುವೆಯ ನೀರು ಕೊನೆಯ ಮಡಿಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡಿ ಹೊಲಕ್ಕೆ ಒಂದು ದರ್ಜೆ ಕಟ್ಟಬೇಕು. ಮದ್ರಾಸ್ ಪ್ರಾಂತದ ಕಂದಾಯದ ಭಾಷೆಯಲ್ಲಿ ಇದಕ್ಕೆ 'ತರಂ' ಎಂದೇ ಹೆಸರು. ಇಂಗ್ಲೆಂಡಿನ ಎಂಟು ದರ್ಜೆಗಳೂ ಒಂದು ಬಗೆಯ ತರಂಗಳೇ.

ಮನ್ರೋ ಈ ಜಗಳವನ್ನು ಬಗೆಹರಿಸಿದ ರೀತಿ ಸ್ವಾರಸ್ಯವಾಗಿದೆ. ದರ್ಜೆ ಕಟ್ಟುವವರು ಊರಿನ ಗೌಡ, ಕರಣಂ, ರೈತರ ಎದುರಿನಲ್ಲೇ ಹೊಲಗಳನ್ನು ವಿಂಗಡಿಸಬೇಕಾಗಿತ್ತು. ಅವರ ಮೇಲೆ ಇನ್ನೊಬ್ಬರು ಮೇಲ್ವಿಚಾರಕರು. ಆದರೂ ತನ್ನ ಊರಿನ ಭೂಮಿ ಬರಡು ಎಂದು ಹೇಳುವುದು ಪ್ರತಿ ಊರಿನ ಸಹಜ ಧರ್ಮ. ಆದ್ದರಿಂದ ಕೊನೆಯ ಹಂತದಲ್ಲಿ ಊರೂರಿನ ಗೌಡರನ್ನೂ ಕರಣಂಗಳನ್ನೂ ಪ್ರಮುಖ ರೈತರನ್ನೂ ಒಂದೇ ಕಚೇರಿಗೆ ಕರೆಸಲಾಯಿತು. ಸೀಮೆಯ ಒಟ್ಟು ಕಂದಾಯವನ್ನು ಕಲೆಕ್ಟರು ಮೊದಲೇ ಗೊತ್ತುಮಾಡುತ್ತಿದ್ದ. ಅದು ಸಾಮಾನ್ಯವಾಗಿ ಕೆಳಗಿನವರ ಅಂದಾಜಿಗಿಂತ ಶೇಕಡ 5ರಿಂದ 15ರಷ್ಟು ಕಡಿಮೆ. ಅದು ಊರೂರಿಗೆ ಹಂಚಿಕೆಯಾಗುವಾಗ ಒಂದು ಊರಿನ ಸುಳ್ಳನ್ನು ಪಕ್ಕದ ಊರಿನವರೇ ಬಯಲಿಗೆಳೆಯುತ್ತಿದ್ದರು. ಏಕೆಂದರೆ ಅಲ್ಲಿ ಇಳಿದದ್ದು ಇಲ್ಲಿ ಏರಬೇಕು. ಬಾಜೂ ಮನೆಯ ಲೆಕ್ಕ ಕೇಳುವ ಚಟವನ್ನೇ ಆಡಳಿತದ ಉಪಕರಣ ಮಾಡಿಕೊಂಡ ಜಾಣತನ ಇದು. ಇದರ ಕ್ರೂರ ಮುಖವೂ ಇತ್ತು. ಒಬ್ಬ ರೈತ ಕಟ್ಟಲಾರದೆ ಸೋತರೆ ಆ ಬಾಕಿಯನ್ನು ಶೇಕಡ 10ರ ಮಿತಿಯೊಳಗೆ ಊರಿನ ಉಳಿದವರ ಮೇಲೆ ಹಾಕುವ ನಿಯಮ ಜಾರಿಯಲ್ಲಿತ್ತು. ನೆರೆಯವನ ಕಷ್ಟಕ್ಕೆ ಮರುಗಬೇಕಾದವನು ಅವನ ಮೇಲೆ ಕಾವಲಿರಬೇಕಾಯಿತು.

ಈಗ ಬರುವುದು ಎಲ್ಲಕ್ಕಿಂತ ದೊಡ್ಡ ತಕರಾರು. ಅದನ್ನು ಹೂಡಿದವನು ರೈತನಲ್ಲ, ಸ್ವತಃ ಕಲೆಕ್ಟರು. ಹೊಲಗಳ ದರ್ಜೆ ಒಂದಕ್ಕೊಂದು ಸರಿಹೊಂದಿತ್ತು, ನಿಜ. ಆದರೆ ಎಲ್ಲರಿಗೂ ಸಮಾನವಾಗಿ ಹೆಚ್ಚಾಗಿದ್ದರೆ? 1807ರ ಆಗಸ್ಟ್‌ನಲ್ಲಿ, ಊರಿಗೆ ಹೊರಡುವ ಮುನ್ನ, ಮನ್ರೋ ಮದ್ರಾಸ್ ಸರಕಾರಕ್ಕೆ ಬರೆದ: ತಾನು ಗೊತ್ತುಮಾಡಿದ ಕಂದಾಯ ಒಟ್ಟು ಬೆಳೆಯ ಶೇಕಡ 45ರಷ್ಟಾಗುತ್ತದೆ, ರೈತ ಉಳಿಯಬೇಕಾದರೆ ಅದು ಮೂರನೆಯ ಒಂದು ಭಾಗಕ್ಕೆ ಇಳಿಯಬೇಕು, ಆದ್ದರಿಂದ ಶೇಕಡ 25ರಷ್ಟು ಕಡಿತ ಮಾಡಿ ಎಂದು. ನೂರು ಚೀಲದಲ್ಲಿ 45 ಚೀಲ ಸರಕಾರಕ್ಕೆ ಹೋಗುತ್ತಿದ್ದ ಕಾಲ ಅದು! ಸರಕಾರ ಒಪ್ಪಲಿಲ್ಲ. ಬದಲಿಗೆ ಊರುಗಳನ್ನೇ ಮೂರು ವರ್ಷದ, ಆಮೇಲೆ ಹತ್ತು ವರ್ಷದ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆದಾರರು ದಿವಾಳಿಯೆದ್ದರು, ರೈತರು ಇನ್ನಷ್ಟು ಸೊರಗಿದರು. ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರಾಗಿ ಮರಳಿ ಬಂದ ಮೇಲಷ್ಟೇ ರೈತವಾರಿಯೂ ಕಡಿತವೂ ಜಾರಿಗೆ ಬಂದವು. ತಕರಾರು ಇತ್ಯರ್ಥವಾಗಲು ಹದಿಮೂರು ವರ್ಷಗಳ ಮೇಲಾದವು, ಅದೂ ಅರ್ಜಿದಾರನೇ ದೊರೆಯಾಗಿ ಬಂದಾಗ.

ಆತನ ಹೆಸರು ಈ ಸೀಮೆಯಲ್ಲಿ ಉಳಿಯಲು ಇದೊಂದು ಕಾರಣ. ಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಟ್ಟವರಿದ್ದರು. ಮಂತ್ರಾಲಯದ ಐತಿಹ್ಯವನ್ನು ಸಿರುಗುಪ್ಪದ ಕಡೆಯವರಿಗೆ ಹೇಳಬೇಕಾಗಿಲ್ಲ: ಮಠದ ಇನಾಮು ಭೂಮಿಯನ್ನು ಸರಕಾರ ವಶಪಡಿಸಿಕೊಳ್ಳುವ ಪ್ರಸಂಗ ಬಂದಾಗ ವಿಚಾರಣೆಗೆ ಬಂದ ಮನ್ರೋ ಪಾದರಕ್ಷೆ ಕಳಚಿ ಒಳಗೆ ಹೋದ, ರಾಘವೇಂದ್ರ ಸ್ವಾಮಿಗಳು ಅವನೊಬ್ಬನಿಗೇ ಕಾಣಿಸಿಕೊಂಡು ಮಾತನಾಡಿದರು, ಇನಾಮು ಉಳಿಯಿತು ಎಂದು ಭಕ್ತರು ನಂಬುತ್ತಾರೆ. ಕಂದಾಯದ ಮೇಲ್ಮನವಿಯೊಂದು ಭಕ್ತಿಯ ಕತೆಯಾಗಿ ಜನಮನದಲ್ಲಿ ನಿಂತಿರುವುದು ಗಮನಿಸತಕ್ಕದ್ದು. ಹಾಗೆಂದು ಮನ್ರೋನನ್ನು ಪೂಜಿಸಬೇಕಾಗಿಲ್ಲ. ಶೇಕಡ 45ರ ದರವನ್ನು ಮೊದಲು ವಸೂಲು ಮಾಡಿದವನೂ ಆತನೇ.

ಹೊಲವಿಲ್ಲದವರಿಗೆ ಬೇರೆಯ ಬಲೆ ಇತ್ತು. ಮನೆ, ಅಂಗಡಿ, ಮಗ್ಗ, ಕಸುಬುಗಳ ಮೇಲಿನ ಈ ತೆರಿಗೆಗೆ ಮೊಹತರ್ಫಾ ಎಂದು ಹೆಸರು. ದತ್ತ ಮಂಡಲದ ವ್ಯಾಪಾರಿಗಳ ಮೇಲಿನ 'ವೀಸಬಡಿ'ಯಲ್ಲಂತೂ ಪೇಟೆಗೆ ಒಂದು ಮೊತ್ತ ಗೊತ್ತಾಗಿ, ಯಾರಿಗೆ ಎಷ್ಟು ವೀಸ ಎಂದು ವ್ಯಾಪಾರಿಗಳೇ ಹಂಚಿಕೊಳ್ಳುತ್ತಿದ್ದರು. ಮತ್ತದೇ ಬಾಜೂ ಮನೆ! 1852ರಲ್ಲಿ ಗಾಜುಲ ಲಕ್ಷ್ಮೀನರಸು ಶೆಟ್ಟಿ ಮುಂದಾಗಿ ಕಟ್ಟಿದ ಮದ್ರಾಸ್ ನೇಟಿವ್ ಅಸೋಸಿಯೇಷನ್ ಬ್ರಿಟಿಷ್ ಪಾರ್ಲಿಮೆಂಟಿಗೆ ಕಳಿಸಿದ ಮನವಿಯಲ್ಲಿ ಮೊಹತರ್ಫಾದ ಕಿರುಕುಳವೂ ಒಂದು ದೂರು. 1860ರ ದಶಕದ ಹೊತ್ತಿಗೆ ಅದು ರದ್ದಾಯಿತು. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯದೆ ಗುಂಪಾಗಿ ನಿಂತವರೂ ಉಂಟು. 1810-11ರಲ್ಲಿ ಕಾಶಿಯ ಜನ ಮನೆ ತೆರಿಗೆಯ ವಿರುದ್ಧ ಅಂಗಡಿ ಮುಚ್ಚಿ ಬಯಲಲ್ಲಿ ಕುಳಿತರು. ಕೊನೆಗೆ ತೆರಿಗೆಯೇ ಹೋಯಿತು. 1830-31ರಲ್ಲಿ ಕೆನರಾ ಜಿಲ್ಲೆಯ ರೈತರು 'ಕೂಟ' ಸೇರಿ ಕಂದಾಯ ನಿಲ್ಲಿಸಿದರು.

ಈಗಿನ ಮಾತಿಗೆ ಬರೋಣ. ಕರ್ನಾಟಕದ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಹಿಂದೆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂದು ಅಧಿಕಾರಿ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಸ್ವಂತ ಮನೆಯಲ್ಲಿರುವವನ ಬಾಡಿಗೆ ಎಷ್ಟು? ಇದಕ್ಕೆ ಉತ್ತರ ಅಧಿಕಾರಿಯ ಮನಸ್ಸಿನಲ್ಲಿರುತ್ತಿತ್ತು. 2002ರಿಂದ ಸ್ವಯಂ ಘೋಷಣೆ ಬಂತು. ಮನೆಯೊಡೆಯನೇ ನಿವೇಶನದ ಅಳತೆ, ಕಟ್ಟಡದ ಬಗೆ, ವಯಸ್ಸು ಬರೆದು ಲೆಕ್ಕ ಹಾಕಿ ಕಟ್ಟಬೇಕು. ವರ್ಷದ ಆರಂಭದಲ್ಲಿ, ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇಕಡ 5ರ ರಿಯಾಯಿತಿ. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯಬೇಕು. ಅನೇಕರು ಮರೆಯುವುದು ಇದನ್ನೇ. ಅಜ್ಜನ ಕಾಲದ ಮಾಳಿಗೆ ಮನೆಯನ್ನು ಹೊಸ ಆರ್‌ಸಿಸಿ ಕಟ್ಟಡದಂತೆ ಬರೆದು ಹೆಚ್ಚು ಕಟ್ಟುತ್ತ ಬಂದವರು ಯಾವ ಊರಲ್ಲಾದರೂ ಸಿಗುತ್ತಾರೆ. ವಾಸದ ಮನೆಯ ಮುಂಭಾಗದ ಒಂದು ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದರೆ ಆ ಕೋಣೆಯಷ್ಟೇ ವಾಣಿಜ್ಯ, ಇಡೀ ಮನೆಯಲ್ಲ. ತಕರಾರು ಹೂಡುವವರು ಮನೆಯನ್ನು ಟೇಪು ಹಿಡಿದು ಅಳೆದು, ಹಿಂದಿನ ರಸೀದಿಗಳನ್ನಿಟ್ಟುಕೊಂಡು, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಟ್ಟುವುದನ್ನೇ ನಿಲ್ಲಿಸಿ ಕುಳಿತರೆ ದಂಡ ತಿಂಗಳು ತಿಂಗಳಿಗೆ ಬೆಳೆಯುತ್ತದೆ.

ಆದರೆ ಅಳತೆಯೂ ಸವಕಳಿಯೂ ಸರಿಯಿದ್ದು ಮೊತ್ತ ಮಾತ್ರ ಏರಿದರೆ ಕಾರಣ ಬೇರೆಡೆ ಇದೆ. ಈಗ ಈ ತೆರಿಗೆ ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಗೆ ಅಂಟಿಕೊಂಡಿದೆ. ಓಣಿಗೆ, ಬಡಾವಣೆಗೆ, ಮುಖ್ಯ ರಸ್ತೆಗೆ ಚದರಡಿಗೆ ಇಷ್ಟೆಂದು ಅಲ್ಲಿ ಬರೆಯುವುದೇ ಈ ಕಾಲದ ತರಂ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನು ಪರಿಷ್ಕರಿಸಲಾಯಿತು. ಬಳ್ಳಾರಿ-ಸಿರುಗುಪ್ಪ ರಸ್ತೆಗೆ ಮುಖಮಾಡಿದ ನಿವೇಶನಕ್ಕೂ ಅದರ ಹಿಂದಿನ ಸಂದಿಯ ಮನೆಗೂ ಒಂದೇ ಬೆಲೆ ಬಿದ್ದಿದ್ದರೆ ಪಟ್ಟಣ ಪಂಚಾಯಿತಿಯ ಗುಮಾಸ್ತರೊಡನೆ ಜಗಳವಾಡಿ ಪ್ರಯೋಜನವಿಲ್ಲ. ಅವರು ಬೇರೆಯವರು ಬರೆದ ಅಂಕಿಯನ್ನು ಗುಣಿಸುವವರಷ್ಟೆ. ಆ ಬೆಲೆಗಳ ಕರಡು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು 15 ದಿನಗಳ ಅವಕಾಶವಿರುತ್ತದೆ. ಮನ್ರೋನ ಕಾಲದಲ್ಲಿ ಊರೂರಿನ ಗೌಡರೂ ಕರಣಂಗಳೂ ರೈತರೂ ಎದುರುಬದುರು ಕುಳಿತು ಜಗಳವಾಡಿದ ಹಂತವೇ ಈ 15 ದಿನ. ಈಗ ಅಲ್ಲಿಗೆ ಹೋಗಿ ಕರಡು ನೋಡುವವರು ಬಹುಮಟ್ಟಿಗೆ ನಿವೇಶನದ ವ್ಯಾಪಾರಸ್ಥರು ಮತ್ತು ಪತ್ರ ಬರಹಗಾರರು.