ಅಣ್ಣನ ಪತ್ರದ ಬೊಂಬಾಯಿ

(ಸಂಘದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಫೋನ್ ಮಾಡಿ, "ಸರ್, ಹತ್ತು ನಿಮಿಷ ಮಾತಾಡಿ, ಉಪದೇಶ ಮಾತ್ರ ಬೇಡ" ಎಂದರು. ಜೀವಮಾನವಿಡೀ ಮಾಸ್ತರಿಕೆ ಮಾಡಿದವನಿಗೆ ಇದು ಕಷ್ಟದ ಷರತ್ತು. ಆದ್ದರಿಂದ ನಾನು ಮೊದಲ ಸಲ ಬೊಂಬಾಯಿಗೆ ಹೋದ ಕಥೆ ಹೇಳುತ್ತೇನೆ.

1971ರಲ್ಲಿ ನನ್ನ ಅಣ್ಣ ಏಳನೇ ತರಗತಿ ಮುಗಿಸಿ ಬೊಂಬಾಯಿ ಬಸ್ಸು ಹತ್ತಿದರು. ವಯಸ್ಸು ಹದಿಮೂರು. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಉಮ್ಮನಿಗೆ ಓದು ಬಾರದು, ಓದಿ ಹೇಳುವವನು ನಾನು. ಎರಡಂತಸ್ತಿನ ಕೆಂಪು ಬಸ್ಸು, ರಾತ್ರಿ ದೀಪದ ಮಾಲೆ ಹಾಕಿಕೊಂಡ ಕಡಲತೀರ, ನಾಲ್ಕು ತೆಂಗಿನಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ಗಡಿಯಾರದ ಗೋಪುರ. ಒಂದು ಪತ್ರದಲ್ಲಿ "ರಾತ್ರಿ ಶಾಲೆಗೆ ಸೇರಿದ್ದೇನೆ" ಎಂದೂ ಬರೆದಿದ್ದರು. ನಮ್ಮ ಜಿಲ್ಲೆಯಿಂದ ಹೋದ ಹೋಟೆಲು ಹುಡುಗರಿಗೆ ಆಗ ಅಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ದುಡಿದು ರಾತ್ರಿ ಓದಿ ಮೇಲೆ ಬಂದವರು ಎಷ್ಟೋ ಜನ. 1978ರ ನಂತರ ಅಣ್ಣನ ಪತ್ರಗಳಲ್ಲಿ ಶಾಲೆಯ ಸುದ್ದಿ ನಿಂತಿತು. ಓದು ತಲೆಗೆ ಹತ್ತಲಿಲ್ಲ ಎಂದು ನಾವು ತೀರ್ಮಾನಿಸಿದೆವು. ನಾನು ಮಾಸ್ತರನಾದ ಮೇಲೆ ಆ ಮಾತನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತಿದ್ದೆ. 1986ರಲ್ಲಿ ಅಣ್ಣ ಊರಿಗೆ ಮರಳಿ ಜಿನಸಿನ ಅಂಗಡಿ ಹಾಕಿದರು.

ನಾನು ಬೊಂಬಾಯಿ ನೋಡಿದ್ದು 2003ರಲ್ಲಿ, ನಲ್ವತ್ತೊಂದರ ಪ್ರಾಯದಲ್ಲಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಒಂದೇ ರಾತ್ರಿಯ ಪ್ರಯಾಣ. ಮತ್ಸ್ಯಗಂಧದಲ್ಲಿ ಕುರ್ಲಾಕ್ಕೆ ಹೋಗಿ ಇಳಿದು, ತಿಲಕ್ ನಗರದಿಂದ ಲೋಕಲ್ ಹಿಡಿದೆ. ಹತ್ತಿದೆ ಎನ್ನುವುದಕ್ಕಿಂತ ಜನ ನನ್ನನ್ನು ಹತ್ತಿಸಿದರು. ಕೊನೆಯ ಸ್ಟೇಷನಿಗಿಂತ ಮೊದಲು 'ಮಸ್ಜಿದ್' ಎಂಬ ಬೋರ್ಡು ಕಂಡು ಸಂತೋಷವಾಯಿತು. ಆದರೆ ಆ ಹೆಸರು ಬಂದಿರುವುದು ನಮ್ಮ ಮಸೀದಿಯಿಂದಲ್ಲ. 1796ರಲ್ಲಿ ಬೆನೆ ಇಸ್ರೇಲ್ ಯಹೂದಿಗಳು ಕಟ್ಟಿದ ಪ್ರಾರ್ಥನಾ ಮಂದಿರವನ್ನು ಜನ 'ಜುನೀ ಮಸ್ಜಿದ್' ಎಂದು ಕರೆದರಂತೆ. ಬೊಂಬಾಯಿ ಎಂದರೆ ಹಾಗೆಯೇ.

ವಿ.ಟಿ.ಯಿಂದ ಹೊರಬಂದರೆ ಎದುರಿಗೇ ಅಂಜುಮನ್-ಎ-ಇಸ್ಲಾಂ ಕಟ್ಟಡ. ಬದ್ರುದ್ದೀನ್ ತ್ಯಾಬ್ಜಿ ಮತ್ತು ಅವರ ಸಂಗಡಿಗರು 1874ರಲ್ಲಿ ಕಟ್ಟಿದ ಸಂಸ್ಥೆ. ಸಮವಸ್ತ್ರದ ಮಕ್ಕಳು ಗೇಟಿನೊಳಗೆ ನುಗ್ಗುತ್ತಿದ್ದರು. ಅಣ್ಣ ಹದಿನೈದು ವರ್ಷ ಇದೇ ಪರಿಸರದಲ್ಲಿದ್ದರು, ಈ ಗೇಟನ್ನು ಎಷ್ಟು ಸಲ ದಾಟಿ ನಡೆದಿರಬಹುದು ಎಂದು ಯೋಚಿಸಿದೆ.

ಹೋಟೆಲು ಇತ್ತು, ಬೋರ್ಡು ಬದಲಾಗಿತ್ತು. ಗಲ್ಲೆಯಲ್ಲಿ ಕುಂದಾಪುರ ಕಡೆಯ ವೃದ್ಧರೊಬ್ಬರು. ಅಣ್ಣನ ಹೆಸರು ಹೇಳಿದಾಗ ಕನ್ನಡಕ ತೆಗೆದು ನೋಡಿದರು. "ಕಾಲೇಜಿಗೆ ಹೋಗುತ್ತಿದ್ದ ತಮ್ಮ ನೀವೇನಾ?"

ಅಡುಗೆಮನೆಯ ಮೇಲಿನ ಅಟ್ಟ ತೋರಿಸಿದರು. ಎಂಟು ಹುಡುಗರು ಮಲಗುತ್ತಿದ್ದ ಜಾಗ. ಬಗ್ಗಿಯೇ ನಿಲ್ಲಬೇಕು, ಕೆಳಗಿನಿಂದ ಒಲೆಯ ಶಾಖ. ಪತ್ರಗಳಲ್ಲಿ ಈ ಅಟ್ಟ ಬಂದೇ ಇರಲಿಲ್ಲ. "ಒಂಬತ್ತನೇ ಕ್ಲಾಸಿನವರೆಗೆ ಓದಿದ. ಜಾಣ ಹುಡುಗ. ನಿಮ್ಮ ಕಾಲೇಜು ಶುರುವಾದ ವರ್ಷ ಸಂಜೆಯ ಪಾಳಿಯೂ ತನಗೇ ಬೇಕು ಎಂದು ಕೇಳಿದ. ಸಂಜೆ ಇಲ್ಲಿ ದುಡಿದರೆ ಶಾಲೆ ಎಲ್ಲಿಂದ ಬರುತ್ತದೆ?" ಎಂದರು. ಚಹಾದ ಹಣ ತೆಗೆದುಕೊಳ್ಳಲಿಲ್ಲ.

1978 ನಾನು ಪಿಯುಸಿ ಸೇರಿದ ವರ್ಷ.

ಅಲ್ಲಿಂದ ಓವಲ್ ಮೈದಾನಕ್ಕೆ ನಡೆದೆ. ಗೋಪುರ ಸಿಕ್ಕಿತು. ರಾಜಾಬಾಯಿ ಟವರ್, ವಿಶ್ವವಿದ್ಯಾಲಯದ ಆವರಣದಲ್ಲಿ, 280 ಅಡಿ. ಹತ್ತಿಯ ದಲ್ಲಾಳಿ ಪ್ರೇಮಚಂದ್ ರಾಯಚಂದ್ ಕೊಟ್ಟ ಹಣದಲ್ಲಿ, ಅವರ ತಾಯಿಯ ಹೆಸರಿನಲ್ಲಿ ಕಟ್ಟಿದ್ದು, 1878ರಲ್ಲಿ ಮುಗಿಯಿತು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಕತ್ತಲಾಗುವ ಮೊದಲು ಊಟ ಮುಗಿಸಬೇಕಿತ್ತು, ಗಂಟೆಯ ಸದ್ದಿನಿಂದಲೇ ಹೊತ್ತು ತಿಳಿಯುತ್ತಿದ್ದರು ಎಂಬ ಮಾತಿದೆ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾನು ಬಹಳ ಹೊತ್ತು ಕುಳಿತಿದ್ದೆ. ಆಮೇಲೆ ಗೇಟ್‌ವೇ, ಹಾಜಿ ಅಲಿ ಎಲ್ಲವನ್ನೂ ನೋಡಿದೆ, ಕೆಂಪು ಬಸ್ಸಿನ ಮೇಲಂತಸ್ತಿನಲ್ಲೂ ಕುಳಿತೆ. (ಆ ಹಳೆಯ ಡೀಸೆಲ್ ಬಸ್ಸುಗಳು 2023ರಲ್ಲಿ ನಿಂತವು.) ಆದರೆ ಅವು ಹೆಚ್ಚು ನೆನಪಿಲ್ಲ.

ಊರಿಗೆ ಬಂದು ನೇರ ಅಂಗಡಿಗೆ ಹೋದೆ. ಅಣ್ಣ ಸಕ್ಕರೆ ತೂಗುತ್ತಿದ್ದರು. "ಗೋಪುರ ನೋಡಿದೆಯಾ? ನಾಲ್ಕು ತೆಂಗಿನಮರ ಸರಿಯಾ?" ಎಂದರು.

"ಸರಿ ಅಣ್ಣ" ಎಂದು, ಅಟ್ಟದ ಮಾತು ಎತ್ತಿದೆ.

"ಅದೆಲ್ಲ ಈಗ ಯಾಕೆ? ಆ ಅಕ್ಕಿ ಮೂಟೆ ಸ್ವಲ್ಪ ಈಚೆ ಎಳೆ" ಎಂದರು. ಎಳೆದೆ.

ಆಮೇಲೆ ನಾವಿಬ್ಬರೂ ಆ ವಿಷಯ ಮಾತಾಡಿದ್ದಿಲ್ಲ. ಇಂದು ಅಣ್ಣ ಈ ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಇದನ್ನೇ ಹೇಳುತ್ತೇನೆಂದು ಅವರಿಗೆ ತಿಳಿಸಿರಲಿಲ್ಲ, ತಿಳಿಸಿದ್ದರೆ ಬರುತ್ತಿರಲಿಲ್ಲ. ಹತ್ತು ನಿಮಿಷ ಆಯಿತು. ಅಸ್ಸಲಾಮು ಅಲೈಕುಂ.