ಬಂಡೆಯ ಬಿರುಕು, ಗಣಿಯ ಗೋಡೆ



ರಾಜ್ಯೋತ್ಸವದ ಸಭೆಯಲ್ಲಿ ಗಣಿಯ ಮಾತೇಕೆ ಎಂದು ಕೆಲವರಿಗೆ ಅನಿಸೀತು. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದದ್ದು ಸುರಂಗ ತೋಡಿ ಅಲ್ಲ, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು. ಸಂಡೂರಿನಲ್ಲಿ ಇಂದಿಗೂ ಹಾಗೆಯೇ. ಅಂಥ ಗಣಿಗಳಿಗೆ ಮಕ್ಕಳನ್ನು ಕೆಲಸಕ್ಕೆ ಕಳಿಸುವವರು ನಮ್ಮಲ್ಲಿಯೂ ಇದ್ದಾರೆ. ಆದುದರಿಂದ ಈ ನಾಲ್ಕು ಮಾತು.

ತೆರೆದ ಗಣಿಯ ಗೋಡೆಯನ್ನು ಕಡಿದಾಗಿ ಕತ್ತರಿಸಿದಷ್ಟೂ ಉಪಯೋಗವಿಲ್ಲದ ಕಲ್ಲನ್ನು ಹೊರುವ ಖರ್ಚು ಕಡಿಮೆ. ಲಾಭದ ಆಸೆಯೆಲ್ಲ ಅಲ್ಲೇ. ಆದರೆ ಎಷ್ಟು ಕಡಿದಾಗಿಸಬಹುದೆಂಬುದನ್ನು ಹೇಳಬೇಕಾದುದು ಬಂಡೆ. ಕಲ್ಲು ಗಟ್ಟಿಯಾಗಿದ್ದರೆ ಸಾಕೆಂದು ನಾವೆಲ್ಲ ತಿಳಿಯುತ್ತೇವೆ, ಅದು ಸಾಲದು. ಓರೆಯಾದ ಮಣೆಯ ಮೇಲೆ ತಟ್ಟೆಗಳನ್ನು ಪೇರಿಸಿಟ್ಟರೆ ತಟ್ಟೆ ಒಡೆಯುವುದಿಲ್ಲ, ಜಾರುತ್ತದೆ. ಬಂಡೆಯ ಬಿರುಕುಗಳು ಗುಂಡಿಯ ಕಡೆಗೆ ಇಳಿಜಾರಾಗಿದ್ದರೆ ಗೋಡೆಯ ಗತಿಯೂ ಅದೇ. ಬಿರುಕಿನಲ್ಲಿ ಜೇಡಿ ತುಂಬಿ, ಮಳೆಯ ನೀರು ಸೇರಿ ಒತ್ತಡ ಕೊಟ್ಟರಂತೂ ಇನ್ನೂ ಬೇಗ.

ಇದನ್ನರಿಯಲು ಕೊಳವೆಯಿಂದ ಕೊರೆದು ಕಲ್ಲಿನ ಉದ್ದನೆಯ ಕಂಬವನ್ನು ಹೊರತೆಗೆಯುತ್ತಾರೆ. ಅದರಲ್ಲಿ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ತುಂಡುಗಳು ನೂರಕ್ಕೆಷ್ಟು ಎಂದು ಅಳೆಯುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಡೀರ್ ಎಂಬವರು ತಂದರು. ಒಳ್ಳೆಯ ಕ್ರಮವೇ. ಆದರೆ ಬಿರುಕು ಯಾವ ಕಡೆಗೆ ವಾಲಿದೆಯೆಂಬುದನ್ನು ಆ ಅಂಕಿ ಹೇಳುವುದಿಲ್ಲ. ನೂರಕ್ಕೆ ತೊಂಬತ್ತು ಬಂದ ಬಂಡೆಯಲ್ಲಿಯೂ ಒಂದೇ ಒಂದು ಕೆಟ್ಟ ಸೀಳು ಗೋಡೆಯನ್ನು ಕೆಡವಬಲ್ಲದು. ಅದಕ್ಕಾಗಿಯೇ ಭೂವಿಜ್ಞಾನಿ ದಿಕ್ಸೂಚಿ ಹಿಡಿದು ಮೆಟ್ಟಿಲು ಮೆಟ್ಟಿಲಿಗೂ ಹೋಗಿ ಸೀಳುಗಳ ದಿಕ್ಕನ್ನೂ ಇಳಿಜಾರನ್ನೂ ಗುರುತುಹಾಕಬೇಕು. ಹೊಸ ಮೆಟ್ಟಿಲು ಕಡಿದಂತೆಲ್ಲ ಈ ಕೆಲಸ ಮತ್ತೆ ಮೊದಲಿನಿಂದ. ಬೇಸರದ ಕೆಲಸವೆಂದು ಇದನ್ನು ಬಿಡುವವರೂ ಉಂಟು!

ಅಮೆರಿಕದ ಯೂಟಾ ಪ್ರಾಂತದ ಬಿಂಗ್‌ಹ್ಯಾಮ್ ಕಣಿವೆಯ ತಾಮ್ರದ ಗಣಿಯಲ್ಲಿ 2013ರ ಏಪ್ರಿಲ್ 10ರ ರಾತ್ರಿ 13 ಕೋಟಿ ಟನ್ನಿಗೂ ಮಿಕ್ಕಿ ಬಂಡೆ ಕುಸಿಯಿತು. ಗೋಡೆ ಅಲುಗುತ್ತಿರುವುದನ್ನು ರೇಡಾರ್ ಮೊದಲಾದ ಉಪಕರಣಗಳಿಂದ ಮೊದಲೇ ಕಂಡು ಜನರನ್ನು ಹೊರಗೆ ಕಳಿಸಿದ್ದರು. ಯಂತ್ರಗಳು ಹೂತುಹೋದುವು, ಒಬ್ಬರಿಗೂ ಗಾಯವಾಗಲಿಲ್ಲ.

ನಮ್ಮ ದೇಶದಲ್ಲಿ, ಝಾರ್ಖಂಡದ ಲಾಲ್‌ಮಟಿಯಾ ಕಲ್ಲಿದ್ದಲು ಗಣಿಯಲ್ಲಿ, 2016ರ ಡಿಸೆಂಬರ್ 29ರ ಸಂಜೆ ಮೇಲ್ಮಣ್ಣಿನ ರಾಶಿಯು ತಳದ ನೆಲದೊಡನೆ ಸುಮಾರು 35 ಮೀಟರ್ ಕೆಳಕ್ಕೆ ಜಾರಿತು. ಮರೆಯಲ್ಲಿದ್ದ ಸ್ತರಭಂಗದ ಗೆರೆಯೇ ಕಾರಣವಿರಬಹುದೆಂದು ಆಗ ಸರ್ಕಾರದ ಹೇಳಿಕೆ ಬಂತು. ಮಡಿದವರು 23 ಮಂದಿ. ನೆಲದೊಳಗಿನ ಅಂಥ ಗೆರೆಗಳನ್ನು ಹುಡುಕುವುದಕ್ಕೆಂದೇ ಕೊರೆತವೂ ನಕ್ಷೆಯೂ ಇರುವುದು.

ಗಣಿಗೆ ಹೊರಟ ನಮ್ಮ ಹುಡುಗರು ಸಂಬಳವನ್ನು ಕೇಳುವಾಗಲೇ ಇನ್ನೆರಡು ಪ್ರಶ್ನೆಗಳನ್ನೂ ಕೇಳಲಿ: ಈ ಗೋಡೆಯ ಸೀಳುಗಳ ನಕ್ಷೆ ಎಲ್ಲಿದೆ? ಕಳೆದ ಮಳೆಗಾಲದ ಮೇಲೆ ಅದನ್ನು ತಿದ್ದಿದ್ದಾರೆಯೇ?